ಔಷಧಕ್ಕೆ ಮಣಿಯದ ರೋಗಾಣುಗಳು: ಆ ಶಕ್ತಿ ದಾಟಿ ಬರುವ ದಾರಿ

"ನಮ್ಮ ತಾಯಿಯವರು ಹುಟ್ಟಿದಾಗಿನಿಂದ ಒಂದು ಗುಳಿಗೆ ನುಂಗಿದವರಲ್ಲ. ಬಿದ್ದು ತೊಡೆಯ ಎಲುಬು ಮುರಿದು ಆಸ್ಪತ್ರೆ ಸೇರಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಎಂಟನೆಯ ದಿನ ಜ್ವರ ಬಂತು. ಮೂತ್ರದಲ್ಲಿ ಸೋಂಕು, ಯಾವ ಆ್ಯಂಟಿಬಯಾಟಿಕ್ಕೂ ನಾಟುತ್ತಿಲ್ಲ ಎಂದರು. ಔಷಧವನ್ನೇ ಕಾಣದ ದೇಹಕ್ಕೆ ಔಷಧ ರೂಢಿಯಾದದ್ದು ಹೇಗೆ?" ಶ್ರೀಮಠಕ್ಕೆ ಬರುವ ಸದ್ಭಕ್ತರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ನಮ್ಮ ಮುಂದೆ ಇಡುತ್ತಲೇ ಇರುತ್ತಾರೆ. ಕೇಳುವವರ ದನಿಯಲ್ಲಿ ದುಃಖವಿರುತ್ತದೆ, ಒಮ್ಮೊಮ್ಮೆ ಆಸ್ಪತ್ರೆಯ ಮೇಲಿನ ಸಿಟ್ಟೂ ಇರುತ್ತದೆ. ಇದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲಾಗದು. ಆದುದರಿಂದ ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಪ್ರಶ್ನೆಯೊಳಗೇ ಅಡಗಿರುವ ಒಂದು ತಪ್ಪು ಗ್ರಹಿಕೆಯನ್ನು ಬಿಡಿಸಬೇಕು. ಆ್ಯಂಟಿಬಯಾಟಿಕ್ಕಿಗೆ ಒಗ್ಗಿಕೊಳ್ಳುವುದು ರೋಗಿಯ ದೇಹವಲ್ಲ, ದೇಹದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾ. ಅಫೀಮು, ಮದ್ಯ, ನಿದ್ರೆಯ ಮಾತ್ರೆಗಳಿಗೆ ಮನುಷ್ಯ ರೂಢಿಯಾಗುವುದುಂಟು; ಇಲ್ಲಿ ನಡೆಯುವುದು ಆ ಸಂಗತಿಯಲ್ಲ. ಜೀವಮಾನದಲ್ಲಿ ಒಂದೇ ಒಂದು ಮಾತ್ರೆ ನುಂಗದವರಿಗೂ ಎಲ್ಲ ಔಷಧಗಳನ್ನು ಗೆದ್ದ ರೋಗಾಣು ತಗಲಬಹುದು. ಆ ರೋಗಾಣು ತನ್ನ ಪಾಠವನ್ನು ಬೇರೆಲ್ಲಿಯೋ, ಬೇರೆ ಯಾರ ಕರುಳಿನಲ್ಲಿಯೋ ಕಲಿತು ಬಂದಿರುತ್ತದೆ.

ಬ್ಯಾಕ್ಟೀರಿಯಾ ಔಷಧವನ್ನು ಎದುರಿಸುವ ಉಪಾಯಗಳು ಮುಖ್ಯವಾಗಿ ನಾಲ್ಕು. ಔಷಧದ ಅಣುವನ್ನು ಕತ್ತರಿಸಿ ಹಾಕುವ ಕಿಣ್ವವನ್ನು ತಯಾರಿಸುವುದು ಒಂದು. ನಮ್ಮ ಜಲಾಶಯದ ಕ್ರಸ್ಟ್ ಗೇಟು ಇಳಿಸಿದಂತೆ ಹೊರಪೊರೆಯ ರಂಧ್ರಗಳನ್ನು ಮುಚ್ಚಿಕೊಳ್ಳುವುದು ಇನ್ನೊಂದು. ಒಳಗೆ ಬಂದ ಔಷಧವನ್ನು ಪಂಪು ಹಚ್ಚಿ ಹೊರಗೆ ಚೆಲ್ಲುವುದು ಮೂರನೆಯದು. ಔಷಧ ಹೋಗಿ ಹಿಡಿದುಕೊಳ್ಳಬೇಕಾದ ಜಾಗದ ಆಕಾರವನ್ನೇ ಬದಲಿಸಿಬಿಡುವುದು ನಾಲ್ಕನೆಯದು. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಜೀನ್, ಅಂದರೆ ವಂಶವಾಹಿ, ಬೇಕು. ಈ ಜೀನುಗಳು ಇಂದು ನಿನ್ನೆಯವಲ್ಲ. ಪೆನಿಸಿಲಿನ್ನನ್ನು ಒಡೆಯುವ ಕಿಣ್ವವನ್ನು ಅಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು 1940ರಲ್ಲಿಯೇ ವರದಿ ಮಾಡಿದ್ದರು. ಆಗ ಪೆನಿಸಿಲಿನ್ ಇನ್ನೂ ಜನಸಾಮಾನ್ಯರ ಕೈ ಸೇರಿರಲಿಲ್ಲ. ಕೆನಡಾದ ಯೂಕಾನ್ ಪ್ರದೇಶದಲ್ಲಿ ಸುಮಾರು 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿಯೂ ಇಂಥ ಜೀನುಗಳು ಇದ್ದುದನ್ನು 2011ರಲ್ಲಿ ಪ್ರಕಟಿಸಿದರು. ಮಣ್ಣಿನ ಸೂಕ್ಷ್ಮಜೀವಿಗಳು ಪರಸ್ಪರ ಹೋರಾಡಲು ಬಳಸುವ ವಿಷಗಳಿಂದಲೇ ನಮ್ಮ ಎಷ್ಟೋ ಆ್ಯಂಟಿಬಯಾಟಿಕ್ಕುಗಳು ಬಂದವು. ವಿಷವಿದ್ದೆಡೆ ಅದರ ಪ್ರತಿವಿಷವೂ ಮೊದಲಿನಿಂದ ಇತ್ತು. ಮನುಷ್ಯ ಈ ಜೀನುಗಳನ್ನು ಹುಟ್ಟಿಸಲಿಲ್ಲ. ಮೂಲೆಯಲ್ಲಿದ್ದುದನ್ನು ಊರ ತುಂಬ ಹರಡಿದ.

ಹರಡುವ ಬಗೆ ಎರಡು ತೆರನಾದುದು. ನಮ್ಮದು ಟಿ.ಬಿ. ಡ್ಯಾಂ ಎಂಬ ಊರು. ಪರಸ್ಥಳದವರು ಹೆಸರು ಕೇಳಿ ಒಮ್ಮೆ ಹುಬ್ಬೇರಿಸುವುದೂ ಉಂಟು. ತುಂಗಭದ್ರೆಯ ಟಿ.ಬಿ.ಗೂ ಕ್ಷಯದ ಟಿ.ಬಿ.ಗೂ ಸಂಬಂಧವಿಲ್ಲವಾದರೂ ಕ್ಷಯದ ರೋಗಾಣುವನ್ನು ಇಲ್ಲಿ ನೆನೆಯುವುದು ಉಪಯುಕ್ತ. ಅದು ಔಷಧವನ್ನು ಗೆಲ್ಲುವುದು ತನ್ನದೇ ಜೀನಿನಲ್ಲಿ ಆಕಸ್ಮಿಕವಾಗಿ ಆಗುವ ತಪ್ಪಿನಿಂದ. ಆ ಬದಲಾವಣೆ ತಾಯಿಕೋಶದಿಂದ ಮರಿಕೋಶಕ್ಕೆ, ಅದರಿಂದ ಮೊಮ್ಮರಿಗೆ ಇಳಿಯುತ್ತದೆ; ನೆರೆಯ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೆ ಸಿಕ್ಕುವುದಿಲ್ಲ. ಒಂದೇ ಔಷಧ ಕೊಟ್ಟರೆ ಅಂಥ ತಪ್ಪಿನಿಂದ ಬದುಕಿದವು ಉಳಿದು ಬೆಳೆಯುವುದರಿಂದಲೇ ಕ್ಷಯಕ್ಕೆ ಹಲವು ಔಷಧಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಡುತ್ತಾರೆ. ಇದು ಆಸ್ತಿ ವಂಶದಲ್ಲಿಯೇ ಉಳಿಯುವ ಬಗೆ.

ಆಸ್ಪತ್ರೆಯ ವಾರ್ಡುಗಳಲ್ಲಿ ಕಾಡುವ ಈ-ಕೋಲಿ, ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಮುಂತಾದವು ಹಾಗಲ್ಲ. ಇವುಗಳಿಗೆ ವಂಶದ ಮೂಲಕ ಇಳಿಸುವುದಲ್ಲದೆ ಪಕ್ಕಕ್ಕೆ ದಾಟಿಸುವ ವಿದ್ಯೆಯೂ ತಿಳಿದಿದೆ. ಕಂಪ್ಲಿಯ ಗದ್ದೆಯಲ್ಲಿ ಭತ್ತ ಬೆಳೆಯುವ ರೈತರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಪ್ರತಿ ಹಂಗಾಮಿಗೂ ಒಂದೇ ಕಳೆನಾಶಕ ಹೊಡೆದರೆ ಅದಕ್ಕೆ ಸಾಯದ ಕಳೆಯೇ ಉಳಿದು ಬೀಜ ಉದುರಿಸುತ್ತದೆ. ಅಷ್ಟಾದರೂ ಆ ಕಳೆ ತನ್ನ ಗುಣವನ್ನು ಬದುವಿನ ಮೇಲಿನ ಬೇರೆ ಜಾತಿಯ ಹುಲ್ಲಿಗೆ ಕೊಡಲಾರದು. ಕೊಡುವಂತಿದ್ದರೆ, ಒಂದೇ ಮಧ್ಯಾಹ್ನದಲ್ಲಿ ಕರಿಕೆ, ಜೇಕು ಎಲ್ಲವೂ ಕಳೆನಾಶಕಕ್ಕೆ ಅಂಜದಂತಾಗುತ್ತಿದ್ದರೆ, ರೈತನ ಗತಿ ಏನಾಗುತ್ತಿತ್ತು? ಆಸ್ಪತ್ರೆಯ ವೈದ್ಯರ ಮುಂದಿರುವುದು ಅಂಥ ಹೊಲ.

ಇದು ಮೊದಲು ಸ್ಪಷ್ಟವಾದದ್ದು ಜಪಾನಿನಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಆಮಶಂಕೆ ಹರಡಿತ್ತು. ಅದನ್ನು ತರುವ ಷಿಗೆಲ್ಲಾ ಎಂಬ ಬ್ಯಾಕ್ಟೀರಿಯಾ 1950ರ ದಶಕದ ನಡುವಿನ ಹೊತ್ತಿಗೆ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಈ ನಾಲ್ಕಕ್ಕೂ ಏಕಕಾಲದಲ್ಲಿ ಬಗ್ಗದಂತಾಯಿತು. ನಾಲ್ಕು ಬೇರೆ ಬೇರೆ ಆಕಸ್ಮಿಕಗಳು ಒಂದೇ ಜೀವಿಯಲ್ಲಿ ಒಟ್ಟಿಗೆ ಆಗುವುದು ನಂಬತಕ್ಕ ಮಾತಲ್ಲ. ಅದೇ ರೋಗಿಗಳ ಮಲದಲ್ಲಿದ್ದ ನಿರುಪದ್ರವಿ ಈ-ಕೋಲಿಯನ್ನು ನೋಡಿದರೆ ಅದಕ್ಕೂ ಅದೇ ನಾಲ್ಕು ಶಕ್ತಿಗಳು! 1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ಅವರ ತಂಡಗಳು ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆಳೆಸಿ, ನಾಲ್ಕೂ ಶಕ್ತಿಗಳು ಒಂದರಿಂದ ಮತ್ತೊಂದಕ್ಕೆ ಒಟ್ಟಾಗಿ ದಾಟುವುದನ್ನು ತೋರಿಸಿದವು.

ದಾಟುವ ವಸ್ತುವಿನ ಹೆಸರು ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ವಂಶತಂತುವಿನಿಂದ ಬೇರೆಯಾಗಿ, ಸಣ್ಣ ಬಳೆಯಂತೆ ಇರುವ ಡಿಎನ್‌ಎ ಉಂಗುರವದು. ಎರಡು ಬ್ಯಾಕ್ಟೀರಿಯಾಗಳು ಸಮೀಪಿಸಿದಾಗ ಒಂದು ತನ್ನ ಮೈಯಿಂದ ಸೂಕ್ಷ್ಮ ಎಳೆಯನ್ನು ಚಾಚಿ ಇನ್ನೊಂದನ್ನು ಹಿಡಿದೆಳೆದುಕೊಂಡು ಪ್ಲಾಸ್ಮಿಡ್‌ನ ಒಂದು ಪ್ರತಿಯನ್ನು ಅದಕ್ಕೆ ದಾಟಿಸುತ್ತದೆ. ಕೆಲವೇ ನಿಮಿಷಗಳ ಕೆಲಸ. ಕೊಟ್ಟದ್ದಕ್ಕೆ ನಷ್ಟವಿಲ್ಲ, ದೀಪದಿಂದ ದೀಪ ಹೊತ್ತಿಸಿದಂತೆ ಎರಡರಲ್ಲಿಯೂ ಉರಿ ಉಳಿಯುತ್ತದೆ. ಪಡೆದದ್ದು ಬೇರೆ ಜಾತಿಯದಾದರೂ ಅಡ್ಡಿಯಿಲ್ಲ. ಸತ್ತ ಬ್ಯಾಕ್ಟೀರಿಯಾದಿಂದ ಹೊರಚೆಲ್ಲಿದ ಡಿಎನ್‌ಎಯನ್ನು ಬದುಕಿರುವುದು ಹೀರಿಕೊಳ್ಳುವುದೂ ಉಂಟು, ವೈರಾಣುಗಳು ಹೊತ್ತೊಯ್ಯುವುದೂ ಉಂಟು. ಆಸ್ಪತ್ರೆಯ ಮಟ್ಟಿಗೆ ಪ್ಲಾಸ್ಮಿಡ್ಡೇ ದೊಡ್ಡ ಹಾದಿ.

ಪ್ಲಾಸ್ಮಿಡ್ಡಿನ ಮೇಲೆ ಒಂದೇ ಜೀನ್ ಇದ್ದಿದ್ದರೆ ಕಷ್ಟ ಇಷ್ಟಾಗುತ್ತಿರಲಿಲ್ಲ. ಸಂಡೂರಿನ ಅದಿರು ಹೊತ್ತು ಹೊಸಪೇಟೆ ಜಂಕ್ಷನ್ನಿನಲ್ಲಿ ನಿಲ್ಲುವ ಗೂಡ್ಸ್ ಗಾಡಿಯನ್ನು ಎಲ್ಲರೂ ನೋಡಿದ್ದೇವೆ. ಒಂದು ಎಂಜಿನ್ನಿಗೆ ಎಷ್ಟೋ ವ್ಯಾಗನ್ನುಗಳು; ಇಲ್ಲಿ ಕಳಚಿ ಅಲ್ಲಿ ಕೂಡಿಸುವುದು ದಿನನಿತ್ಯದ ಕೆಲಸ. ಪ್ಲಾಸ್ಮಿಡ್ಡಿನಲ್ಲಿಯೂ ಹೀಗೆಯೇ ಒಂದೊಂದು ಔಷಧವನ್ನು ಗೆಲ್ಲುವ ಜೀನುಗಳು ಸಾಲಾಗಿ ಕೊಂಡಿ ಹಾಕಿಕೊಂಡಿರುತ್ತವೆ. ಟ್ರಾನ್ಸ್‌ಪೋಸಾನ್ ಎಂಬ ಜಿಗಿಯುವ ತುಣುಕುಗಳು ಒಂದು ಪ್ಲಾಸ್ಮಿಡ್ಡಿನಿಂದ ಕಳಚಿ ಇನ್ನೊಂದಕ್ಕೆ ಕೂಡಿಕೊಳ್ಳುತ್ತವೆ. ಇದರ ಪರಿಣಾಮವನ್ನು ಸದ್ಭಕ್ತರು ಮನಸ್ಸಿಟ್ಟು ಗಮನಿಸಬೇಕು. ಒಬ್ಬರು ನೆಗಡಿಗೆಂದು ಯಾವುದೋ ಸಾಧಾರಣ ಆ್ಯಂಟಿಬಯಾಟಿಕ್ ನುಂಗಿದರು ಎನ್ನೋಣ. ನೆಗಡಿ ವೈರಾಣುವಿನದು, ಅದಕ್ಕೆ ಆ ಮಾತ್ರೆಯಿಂದ ಏನೂ ಆಗದು. ಆದರೆ ಕರುಳಿನಲ್ಲಿ ಆ ಮಾತ್ರೆಗೆ ಅಂಜುವ ಸಾಧು ಬ್ಯಾಕ್ಟೀರಿಯಾಗಳು ಸಾಯುತ್ತವೆ. ಅಂಜದವು ತೆರವಾದ ಜಾಗವನ್ನೆಲ್ಲ ತುಂಬುತ್ತವೆ. ಅವುಗಳ ಪ್ಲಾಸ್ಮಿಡ್ಡಿನಲ್ಲಿ ಈ ಮಾತ್ರೆಯನ್ನು ಗೆಲ್ಲುವ ವ್ಯಾಗನ್ನಿನ ಹಿಂದೆ ಇನ್ನೂ ಐದು ದೊಡ್ಡ ಔಷಧಗಳನ್ನು ಗೆಲ್ಲುವ ವ್ಯಾಗನ್ನುಗಳು ಇದ್ದರೆ ಅವೂ ಸೇರಿಯೇ ಬೆಳೆಯುತ್ತವೆ. ಹೀಗೆ, ಕಣ್ಣಿಂದಲೂ ಕಾಣದ ಐ.ಸಿ.ಯು.ದ ಇಂಜೆಕ್ಷನ್ನನ್ನು ನೆಗಡಿಯ ಮಾತ್ರೆ ಮೊಂಡಾಗಿಸುತ್ತದೆ.

ಇದಕ್ಕೆ ನಮ್ಮ ದೇಶದ ಹೆಸರು ಹೊತ್ತ ನಿದರ್ಶನವೊಂದಿದೆ. ಸ್ವೀಡನ್ನಿನಲ್ಲಿ ನೆಲೆಸಿದ್ದ ಭಾರತೀಯ ಮೂಲದ ವ್ಯಕ್ತಿಯೊಬ್ಬರು 2007ರ ಕೊನೆಯಲ್ಲಿ ಭಾರತಕ್ಕೆ ಬಂದಾಗ ದೆಹಲಿಯಲ್ಲಿ ಆಸ್ಪತ್ರೆ ಸೇರಿ, 2008ರ ಜನವರಿಯಲ್ಲಿ ಹಿಂದಿರುಗಿದರು. ಅಲ್ಲಿ ಅವರ ಮೂತ್ರದಲ್ಲಿ ಕ್ಲೆಬ್ಸಿಯೆಲ್ಲಾ ದೊರೆಯಿತು. ಕೊನೆಯ ಅಸ್ತ್ರವೆಂದು ಇಟ್ಟುಕೊಳ್ಳುವ ಕಾರ್ಬಪೆನೆಮ್ ವರ್ಗದ ಔಷಧಗಳನ್ನೇ ಅದು ಒಡೆದು ಹಾಕುತ್ತಿತ್ತು. ಆ ಕಿಣ್ವಕ್ಕೆ ಎನ್‌ಡಿಎಂ-1 ಎಂದು ಹೆಸರಿಟ್ಟರು. ಎನ್‌ಡಿ ಎಂದರೆ ನ್ಯೂ ಡೆಲ್ಲಿ. ನಮ್ಮ ದೃಷ್ಟಿಯಲ್ಲಿ ಈ ವರದಿಯ ಅತಿ ಮುಖ್ಯ ಭಾಗ ಬೇರೆಯೇ ಇದೆ. ಅದೇ ರೋಗಿಯ ಮಲದಲ್ಲಿದ್ದ ಈ-ಕೋಲಿಯಲ್ಲಿಯೂ ಅದೇ ಜೀನ್ ಸಿಕ್ಕಿತು. ಆದರೆ ಅದನ್ನು ಹೊತ್ತಿದ್ದ ಪ್ಲಾಸ್ಮಿಡ್ಡಿನ ಗಾತ್ರ ಬೇರೆ. ಒಬ್ಬನೇ ಮನುಷ್ಯನ ದೇಹದೊಳಗೆ ಜೀನ್ ಒಂದು ಜಾತಿಯಿಂದ ಇನ್ನೊಂದು ಜಾತಿಗೆ ದಾಟಿತ್ತೆಂದು ಸಂಶೋಧಕರು ತೀರ್ಮಾನಿಸಿದರು. ವ್ಯಾಗನ್ ಎಂಜಿನ್ ಬದಲಿಸಿತ್ತು.

2010ರ ಆಗಸ್ಟಿನಲ್ಲಿ ಚೆನ್ನೈನ ಕಾರ್ತಿಕೇಯನ್ ಕುಮಾರಸಾಮಿ ಮತ್ತು ಸಂಗಡಿಗರು ಚೆನ್ನೈನಿಂದ 44, ಹರಿಯಾಣದಿಂದ 26, ಬ್ರಿಟನ್ನಿನಿಂದ 37, ಭಾರತ ಮತ್ತು ಪಾಕಿಸ್ತಾನದ ಇತರ ಕಡೆಗಳಿಂದ 73 ಇಂಥ ಬ್ಯಾಕ್ಟೀರಿಯಾ ಮಾದರಿಗಳನ್ನು ವರದಿ ಮಾಡಿದರು. ಆ ಇತರ ಊರುಗಳಲ್ಲಿ ನಮ್ಮ ಬೆಂಗಳೂರೂ ಇತ್ತು. ರಾಜಧಾನಿಯ ಹೆಸರಿಟ್ಟುದಕ್ಕೆ ದೇಶದಲ್ಲಿ ಆಕ್ಷೇಪವೆದ್ದಿತು. ಇಟಲಿಯ ವೆರೋನಾ ನಗರದ ಹೆಸರೂ ಇಂಥದೇ ಒಂದು ಕಿಣ್ವಕ್ಕಿದೆ ಎಂಬುದನ್ನು ಯಾರೂ ಹೆಚ್ಚು ನೆನೆಯಲಿಲ್ಲ. ಹೆಸರಿನ ಜಗಳದಲ್ಲಿ ರೋಗದ ಮಾತು ಹಿಂದೆ ಸರಿಯಿತೆಂದೇ ನಮ್ಮ ಅಭಿಪ್ರಾಯ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲಿಯೂ, ಬೀದಿಯಲ್ಲಿ ನಿಂತ ಕೊಳೆನೀರಿನ 171 ಮಾದರಿಗಳಲ್ಲಿ 51ರಲ್ಲಿಯೂ ಈ ಜೀನ್ ಕಂಡುಬಂದಿತು. ಕಾಲರಾ ಮತ್ತು ಆಮಶಂಕೆಯ ಬ್ಯಾಕ್ಟೀರಿಯಾಗಳೂ ಅದನ್ನು ಪಡೆದುಕೊಂಡಿದ್ದವು. ಆಸ್ಪತ್ರೆಯ ಗೋಡೆಯೊಳಗಿನದು ಎಂದುಕೊಂಡದ್ದು ಚರಂಡಿಗೆ ಇಳಿದಿತ್ತು.

ಹಂಪಿಗೆ ಬರುವ ವಿದೇಶೀಯರನ್ನು ಕಂಡು, ಇಂಥ ರೋಗಗಳನ್ನು ಹೊರಗಿನವರೇ ತರುತ್ತಾರೆಂದು ಕೆಲವರು ಹೇಳುವುದುಂಟು. ಲೆಕ್ಕ ತದ್ವಿರುದ್ಧವಾಗಿದೆ. ನೆದರ್ಲೆಂಡ್ಸ್‌ನಿಂದ ಪ್ರವಾಸ ಹೊರಟ ಆರೋಗ್ಯವಂತರ ಮಲವನ್ನು ಹೋಗುವ ಮುನ್ನ ಮತ್ತು ಬಂದ ನಂತರ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಹೊರಡುವಾಗ ಇಲ್ಲದಿದ್ದ, ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಹಿಂದಿರುಗುವಾಗ ಒಟ್ಟಾರೆ ನೂರಕ್ಕೆ 34 ಜನರ ಕರುಳಿನಲ್ಲಿತ್ತು. ದಕ್ಷಿಣ ಏಷ್ಯಾಕ್ಕೆ ಹೋಗಿ ಬಂದವರಲ್ಲಿ ನೂರಕ್ಕೆ 75. ಅವರಲ್ಲಿ ಬಹುತೇಕರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕರುಳಿನಲ್ಲಿ ಸುಮ್ಮನಿರುವ ಈ ಅತಿಥಿ ತೊಂದರೆ ಕೊಡುವುದು ಮೂತ್ರಕೋಶಕ್ಕೋ ರಕ್ತಕ್ಕೋ ದಾರಿ ಸಿಕ್ಕಾಗ.

ಆ ದಾರಿ ಸಿಕ್ಕುವ ಸ್ಥಳವೇ ಆಸ್ಪತ್ರೆ. ದುರ್ಬಲರಾದವರೆಲ್ಲ ಒಂದೆಡೆ ಮಲಗಿರುತ್ತಾರೆ. ಎಲ್ಲರ ಮೈಯಲ್ಲಿಯೂ ಆ್ಯಂಟಿಬಯಾಟಿಕ್ ಹರಿಯುತ್ತಿರುವುದರಿಂದ ಸಾಧು ಬ್ಯಾಕ್ಟೀರಿಯಾಗಳ ಕಾವಲು ತಗ್ಗಿರುತ್ತದೆ. ಮೂತ್ರದ ಕ್ಯಾಥೆಟರ್, ರಕ್ತನಾಳದ ಸೂಜಿ, ಉಸಿರಿನ ಕೊಳವೆ ಇವೆಲ್ಲ ಚರ್ಮದ ಕೋಟೆಗೆ ತೆಗೆದ ದಿಡ್ಡಿ ಬಾಗಿಲುಗಳು. ಹೊಳೆಯ ಸೋಪಾನದ ಕಲ್ಲಿನ ಮೇಲೆ ಪಾಚಿ ಕಟ್ಟುವಂತೆ ಈ ಕೊಳವೆಗಳ ಒಳಮೈಯಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಒತ್ತೊತ್ತಾಗಿ ವಾಸಿಸುತ್ತವೆ. ಔಷಧ ಅಲ್ಲಿಗೆ ಸರಿಯಾಗಿ ತಲುಪದು. ಪ್ಲಾಸ್ಮಿಡ್ ಕೊಟ್ಟು ತೆಗೆದುಕೊಳ್ಳಲು ಅದಕ್ಕಿಂತ ಅನುಕೂಲದ ಸಂತೆ ಇಲ್ಲ. ಕೈ ತೊಳೆಯುವ ಸಿಂಕಿನ ಕೊಳವೆಯೂ ಅಂಥದೇ ಒಂದು ತಾಣ. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ಆಸ್ಪತ್ರೆಗೆ 2011ರಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಹೊತ್ತ ಒಬ್ಬ ರೋಗಿ ಬಂದರು. ಅವರನ್ನು ಪ್ರತ್ಯೇಕವಾಗಿಟ್ಟು ಚಿಕಿತ್ಸೆ ಕೊಟ್ಟು ಮನೆಗೆ ಕಳುಹಿಸಿದರು. ಕೆಲವು ವಾರಗಳಾದ ಮೇಲೆ ಬೇರೆ ರೋಗಿಗಳಲ್ಲಿ ಅದೇ ರೋಗಾಣು ತಲೆಯೆತ್ತಿತು. ಒಟ್ಟು 18 ಜನರಿಗೆ ತಗಲಿತು. 11 ಮಂದಿ ತೀರಿಕೊಂಡರು, ಅವರಲ್ಲಿ 6 ಸಾವುಗಳಿಗೆ ಈ ಸೋಂಕೇ ಕಾರಣವೆಂದು ನಿರ್ಣಯಿಸಿದರು. ಸಿಂಕಿನ ಕೊಳವೆಯಲ್ಲಿಯೂ, ಶುಚಿಗೊಳಿಸಿದ ಒಂದು ವೆಂಟಿಲೇಟರಿನಲ್ಲಿಯೂ ಅದು ಸಿಕ್ಕಿತು. ಹಣಕ್ಕೂ ಶಿಸ್ತಿಗೂ ಕೊರತೆಯಿಲ್ಲದ ಕಡೆಯೇ ಹೀಗಾಯಿತೆಂದ ಮೇಲೆ, ಒಂದು ಮಂಚದ ಸುತ್ತ ಹತ್ತು ಜನ ನಿಲ್ಲುವ ನಮ್ಮ ವಾರ್ಡುಗಳ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದಲ್ಲಿರುವ ದೊಡ್ಡ ಆಸ್ಪತ್ರೆಗಳಲ್ಲಿ ಈಚಿನ ವರ್ಷಗಳಲ್ಲಿ ದೊರೆತ ಕ್ಲೆಬ್ಸಿಯೆಲ್ಲಾ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಬಪೆನೆಮ್‌ಗೆ ಬಗ್ಗುತ್ತಿಲ್ಲ. ಅವು ತೀವ್ರವಾಗಿ ಕಾಯಿಲೆಯಾದವರ ಮಾದರಿಗಳೆಂಬುದನ್ನು ಮರೆಯಬಾರದು. ಮನೆಯಲ್ಲಿ ಬರುವ ಪ್ರತಿಯೊಂದು ಸೋಂಕೂ ಅಂಥದಲ್ಲ.

ಈಗ ಆ ತಾಯಿಯವರ ವಿಷಯಕ್ಕೆ ಉತ್ತರ ಹೇಳಬಹುದು. ಅವರ ದೇಹ ಯಾವುದಕ್ಕೂ ರೂಢಿಯಾಗಿರಲಿಲ್ಲ. ಕುಡಿದ ನೀರಿನಿಂದಲೋ, ಪಕ್ಕದ ಮಂಚದಿಂದ ಬಂದ ಒಂದು ಕೈಯಿಂದಲೋ ಬ್ಯಾಕ್ಟೀರಿಯಾ ಬಂದಿರಬೇಕು, ಕ್ಯಾಥೆಟರ್ ದಾರಿಯಾಯಿತು. ಆ ಬ್ಯಾಕ್ಟೀರಿಯಾದಲ್ಲಿದ್ದ ಜೀನ್ ಎಲ್ಲಿಯೋ, ಎಂದೋ, ಅಪರಿಚಿತರೊಬ್ಬರು ನುಂಗಿದ ಬೇಡದ ಮಾತ್ರೆಯಿಂದ ಬಲಿತಿರಬಹುದು. ಹೊಣೆಯನ್ನು ಒಬ್ಬರ ತಲೆಗೆ ಕಟ್ಟಲಾಗದ ಸಂಗತಿಯಿದು. ಅದಕ್ಕಾಗಿಯೇ ಎಲ್ಲರ ಪಾಲೂ ಇದರಲ್ಲಿದೆ.

ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳತಕ್ಕದ್ದಲ್ಲ ಎಂದು ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಇದರ ಪ್ರಚಾರ ಕೈಗೊಂಡಿತು. ಅದಕ್ಕೂ ಮೊದಲೇ, 2014ರಿಂದ, ಷೆಡ್ಯೂಲ್ ಎಚ್-1 ಎಂಬ ನಿಯಮದಡಿ ಹಲವು ಆ್ಯಂಟಿಬಯಾಟಿಕ್ಕುಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ನಿಯಮ ಹೀಗಿದ್ದರೂ "ಹೋದ ಸಲ ಕೊಟ್ಟಿದ್ದನ್ನೇ ಎರಡು ಕೊಡಿ" ಎಂದು ಮೆಡಿಕಲ್ ಶಾಪಿನ ಮುಂದೆ ನಿಲ್ಲುವವರು ನಾವೇ. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ನಡುವೆ ತಾವಾಗಿ ನಿಲ್ಲಿಸುವುದೂ ಸಲ್ಲದು, ಗುಣವಾದ ಮೇಲೂ ತಾವಾಗಿ ಮುಂದುವರಿಸುವುದೂ ಸಲ್ಲದು, ಮಿಕ್ಕದ್ದನ್ನು ಮೊಮ್ಮಗನಿಗೆ ಕೊಡುವುದಂತೂ ಕೂಡದು.

ಮೊಟ್ಟೆ ಮಾಂಸ ಮುಟ್ಟದ ಸದ್ಭಕ್ತರೂ ಇದರಿಂದ ದೂರವಿದ್ದೇವೆಂದು ತಿಳಿಯಬಾರದು. ಕೊಲಿಸ್ಟಿನ್ ಎಂಬುದು ಕಾರ್ಬಪೆನೆಮ್ ಸೋತಾಗ ಐ.ಸಿ.ಯು.ದಲ್ಲಿ ಉಳಿಯುವ ಕೆಲವೇ ಔಷಧಗಳಲ್ಲಿ ಒಂದು. ಅದನ್ನು ಕೋಳಿ, ಹಂದಿಗಳು ಬೇಗ ಬೆಳೆಯಲೆಂದು ಮೇವಿನಲ್ಲಿ ಬೆರೆಸುತ್ತಿದ್ದರು. ಕೊಲಿಸ್ಟಿನ್ನನ್ನು ಗೆಲ್ಲುವ ಜೀನೂ ಪ್ಲಾಸ್ಮಿಡ್ ಏರಿರುವುದನ್ನು 2015ರಲ್ಲಿ ಚೀನಾದಲ್ಲಿ ಕಂಡರು. ನಮ್ಮ ಸರ್ಕಾರ 2019ರ ಜುಲೈಯಲ್ಲಿ ಸಾಕುಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಹೊಸಪೇಟೆ ಮೊಟ್ಟೆಯ ವ್ಯಾಪಾರಕ್ಕೆ ಹೆಸರಾದ ಊರು. ಫಾರಂಗಳ ಗೊಬ್ಬರ ಹೊಲಕ್ಕೆ, ಹೊಲದ ನೀರು ಹಳ್ಳಕ್ಕೆ ಹೋಗುತ್ತದೆ. ಹಾಲು ಕರೆಯುವ ಎಮ್ಮೆಗೆ ಕೆಚ್ಚಲು ಬಾವು ಬಂದಾಗ ಹಾಕಿಸುವ ಇಂಜೆಕ್ಷನ್ನಿಗೂ ಪಶುವೈದ್ಯರ ಸಲಹೆ ಅಷ್ಟೇ ಅಗತ್ಯ. ಔಷಧ ಕೊಟ್ಟ ನಂತರ ಅವರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೂ ಹಾಕಬಾರದು, ದಾಸೋಹಕ್ಕೂ ತರಬಾರದು.

"ಹಾಗಾದರೆ ಆ್ಯಂಟಿಬಯಾಟಿಕ್ ಬಿಟ್ಟು ಆಯುರ್ವೇದವನ್ನೇ ಕೊಡಿ" ಎನ್ನುವವರಿದ್ದಾರೆ. ನೆಗಡಿ, ಸಾಧಾರಣ ಕೆಮ್ಮು, ಗಂಟಲು ಕೆರೆತಗಳಿಗೆ ಶುಂಠಿ, ಹಿಪ್ಪಲಿ, ತುಳಸಿ, ಬಿಸಿನೀರು, ವಿಶ್ರಾಂತಿಗಳಿಂದ ಉಪಶಮನವಾಗುತ್ತದೆ. ಅಲ್ಲಿ ಆ್ಯಂಟಿಬಯಾಟಿಕ್ ಬೇಡವೆಂದು ಧೈರ್ಯವಾಗಿ ಹೇಳುತ್ತೇವೆ. ಆದರೆ ಸೋಂಕು ರಕ್ತಕ್ಕೆ ಸೇರಿ ರೋಗಿ ನಡುಗುತ್ತಿರುವಾಗ, ಉಸಿರು ಏರುತ್ತಿರುವಾಗ, ಮೂತ್ರ ಕಡಿಮೆಯಾಗುತ್ತಿರುವಾಗ, ಮಾತು ತೊದಲುತ್ತಿರುವಾಗ ಕಷಾಯ ಕಾಯಿಸುತ್ತ ಕೂರುವುದು ಜೀವಕ್ಕೆ ಅಪಾಯ. ಅಂಥವರನ್ನು ಗಂಟೆ ತಡಮಾಡದೆ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ನಮ್ಮ ಪದ್ಧತಿಯ ವೈದ್ಯರಲ್ಲಿ ಕೆಲವರು ರೋಗಿ ಬೇಡುತ್ತಾನೆಂದು ಜ್ವರ ಕಂಡೊಡನೆ ಆ್ಯಂಟಿಬಯಾಟಿಕ್ ಬರೆದುಬಿಡುತ್ತಾರೆ. ಇದು ನಮಗೆ ಒಪ್ಪಿಗೆಯಾದ ಮಾರ್ಗವಲ್ಲ. ನಮ್ಮ ಶಾಸ್ತ್ರದ ನಿಜವಾದ ಕೊಡುಗೆ ಬೇರೆಡೆ ಇದೆ. ಸುಶ್ರುತಾಚಾರ್ಯರು ನಿದಾನಸ್ಥಾನದಲ್ಲಿ ಕೆಲವು ರೋಗಗಳು ಮೈ ಸೋಕುವುದರಿಂದ, ಉಸಿರಿನಿಂದ, ಒಟ್ಟಿಗೆ ಉಣ್ಣುವುದರಿಂದ, ಒಂದೇ ಹಾಸಿಗೆ, ಬಟ್ಟೆ, ಹೂಮಾಲೆಗಳ ಬಳಕೆಯಿಂದ ಒಬ್ಬರಿಂದ ಒಬ್ಬರಿಗೆ ಸಾಗುತ್ತವೆಂದು ಹೇಳಿದ್ದಾರೆ. ಸೂಕ್ಷ್ಮದರ್ಶಕವಿಲ್ಲದ ಕಾಲದ ಆ ಪಟ್ಟಿಯನ್ನು ಇಂದಿನ ವಾರ್ಡಿನ ಬಾಗಿಲಿಗೆ ಅಂಟಿಸಿದರೂ ಸಲ್ಲುತ್ತದೆ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಧರ್ಮವೆಂದೇ ಭಾವಿಸಿದ್ದಾರೆ. ಟೆಂಪೊ ಮಾಡಿಕೊಂಡು ಬಳ್ಳಾರಿಗೋ ಹುಬ್ಬಳ್ಳಿಗೋ ಊರೇ ಹೊರಡುತ್ತದೆ. ಒಳಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ಹೋದರೆ ಸಾಕು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಸಾಬೂನಿನಿಂದ ಅಥವಾ ಅಲ್ಲಿಟ್ಟ ದ್ರಾವಣದಿಂದ ಕೈ ಶುಚಿ ಮಾಡಿಕೊಳ್ಳಬೇಕು. ನಮ್ಮವರನ್ನು ಮುಟ್ಟಿದ ಕೈಯಿಂದ ಪಕ್ಕದ ರೋಗಿಯ ದಿಂಬು ಸರಿಪಡಿಸುವುದು ಕರುಣೆಯೇ ಆದರೂ ಅಲ್ಲಿ ಅದು ಹಾನಿ. ಮಂಚದ ಮೇಲೆ ಕೂರಬಾರದು, ಮೂತ್ರದ ಚೀಲವನ್ನು ಎತ್ತಿ ಹಿಡಿಯಬಾರದು. ವಿಭೂತಿಯನ್ನು ಹಣೆಗೆ ಹಚ್ಚಲು ಅಡ್ಡಿಯಿಲ್ಲ, ಕೈ ಶುಚಿಯಿರಲಿ. ಗಾಯ, ಸೂಜಿ, ಕೊಳವೆಗಳ ಹತ್ತಿರ ಅದು ಬೀಳದಿರಲಿ. ಬಾಯಿಯಿಂದ ಏನನ್ನೂ ಕೊಡಬಾರದೆಂದು ಹೇಳಿದ ರೋಗಿಗೆ ಪಾದೋದಕವನ್ನಾಗಲಿ ಪ್ರಸಾದವನ್ನಾಗಲಿ ಗುಟ್ಟಾಗಿ ಕೊಡಬಾರದು. ಇಷ್ಟಲಿಂಗದ ಕರಡಿಗೆಯನ್ನು ಎಲ್ಲಿ ಇಡಬೇಕೆಂದು ಸಿಸ್ಟರನ್ನು ಕೇಳಿದರೆ ಅವರೇ ಅನುಕೂಲ ಮಾಡಿಕೊಡುತ್ತಾರೆ. ಕ್ಯಾಥೆಟರ್ ಇನ್ನೂ ಅವಶ್ಯವೇ ಎಂದು ದಿನಕ್ಕೊಮ್ಮೆ ವಿನಯದಿಂದ ವೈದ್ಯರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೊಳವೆ ಒಂದು ದಿನ ಮುಂಚೆ ಹೊರಬಂದರೆ ಅಷ್ಟು ಅಪಾಯ ತಗ್ಗುತ್ತದೆ.

ಕೊನೆಯದಾಗಿ ಕಲ್ಚರ್ ವರದಿಯ ವಿಷಯ. ಮೂತ್ರ, ರಕ್ತ ಅಥವಾ ಕೀವಿನಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯಿತು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ಅದರಲ್ಲಿ ಬರೆದಿರುತ್ತಾರೆ. ಔಷಧದ ಹೆಸರಿನ ಮುಂದೆ 'ಎಸ್' ಎಂದಿದ್ದರೆ ಬಗ್ಗುತ್ತದೆ, 'ಆರ್' ಎಂದಿದ್ದರೆ ಬಗ್ಗುವುದಿಲ್ಲ ಎಂದರ್ಥ. ವರದಿ ಬರಲು ಎರಡು ಮೂರು ದಿನ ಬೇಕಾಗುವುದರಿಂದ ಮಾದರಿಯನ್ನು ಆ್ಯಂಟಿಬಯಾಟಿಕ್ ಆರಂಭಿಸುವ ಮುನ್ನ ತೆಗೆಯುವುದು ಒಳ್ಳೆಯದು; ಖರ್ಚೆಂದು ಬೇಡವೆನ್ನಬಾರದು. ಇಂಥ ಸೋಂಕಿನಿಂದ ಗುಣವಾಗಿ ಮನೆಗೆ ಬಂದವರ ಕರುಳಿನಲ್ಲಿ ಆ ಬ್ಯಾಕ್ಟೀರಿಯಾ ಕೆಲವು ತಿಂಗಳು ಸುಮ್ಮನೆ ಇರಬಹುದು. ಅವರನ್ನು ಬೇರೆ ಕೂರಿಸುವ, ಪಂಕ್ತಿಯಿಂದ ಎಬ್ಬಿಸುವ ಅಗತ್ಯ ಎಳ್ಳಷ್ಟೂ ಇಲ್ಲ. ಶೌಚದ ನಂತರ ಮತ್ತು ಅಡುಗೆಗೆ ಮುನ್ನ ಮನೆಯವರೆಲ್ಲ ಸಾಬೂನಿನಿಂದ ಕೈ ತೊಳೆದರೆ ಸಾಕು. ಆದರೆ ಅವರು ಮತ್ತೆ ಯಾವುದೇ ಕಾರಣಕ್ಕೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಆ ಹಳೆಯ ಕಲ್ಚರ್ ವರದಿಯನ್ನು ಡಿಸ್ಚಾರ್ಜ್ ಕಾಗದದೊಡನೆ ಕೊಂಡೊಯ್ದು, ಕೇಳುವ ತನಕ ಕಾಯದೆ, ಮೊದಲ ದಿನವೇ ವೈದ್ಯರ ಕೈಗೆ ಕೊಡಬೇಕು.